ಲೈಂಗಿಕ ದೌರ್ಜನ್ಯ ನಡೆದು ವರ್ಷಗಳಾದ ಮೇಲೆ ಡಿಪ್ರೆಶನ್ ಬರುತ್ತಾ? ಮರೆತುಬಿಟ್ಟರೆ ತಾನಾಗೇ ಸರಿಹೋಗುತ್ತಾ?

ಬರಬಹುದು. ಮರೆತರೆ ಸರಿಹೋಗಲ್ಲ. ಮರೆತರೆ ಸರಿಹೋಗುತ್ತೆ ಅಂತ ನಾನೂ ನಂಬಿಕೊಂಡು ಕೂತಿದ್ದೆ.

ನಾನಾಗ ಡಿಗ್ರಿ ಓದುತ್ತಿದ್ದೆ. ಮಾಡಿದವನು ನೆಂಟರ ಪೈಕಿ. ಆಮೇಲೆ ಪರೀಕ್ಷೆ ಪಾಸಾದೆ, ಕೆಲಸಕ್ಕೂ ಸೇರಿದೆ. ಎಲ್ಲ ಸರಿಯಿದೆ ಅನ್ನುವಾಗ ಮದುವೆ ಮಾತು ಬಂತು, ನಿದ್ದೆ ಹೋಯಿತು. ತಲೆ ಬಾಚಿಕೊಳ್ಳೋಕೂ ಕೈ ಏಳುತ್ತಿರಲಿಲ್ಲ. ಕೂದಲು ಗಂಟುಕಟ್ಟಿ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಎಳೆ ಬಿಡಿಸುತ್ತಿದ್ದರು.

ಡಾಕ್ಟರ ಹತ್ತಿರ ಹೋದೆ. ನಿದ್ದೆ ಬರಲ್ಲ, ಸುಸ್ತು, ಅಷ್ಟೇ ಹೇಳಿದೆ. ನಾನು ಎಡವಿದ್ದು ಇಲ್ಲೇ. ಅಮ್ಮ ಪಕ್ಕದಲ್ಲೇ ಕೂತಿರುತ್ತಿದ್ದರು. "ಸ್ವಲ್ಪ ಹೊರಗಿರಮ್ಮ" ಅನ್ನೋಕೆ ಬಾಯಿ ಬರಲಿಲ್ಲ. ಥೈರಾಯ್ಡ್ ಟೆಸ್ಟ್ ಆಯಿತು, ಕಬ್ಬಿಣದ ಮಾತ್ರೆ ಆಯಿತು, ಆಮೇಲೆ ಡಿಪ್ರೆಶನ್ ಮಾತ್ರೆ ಕೊಟ್ಟರು. ನಿದ್ದೆ ಬಂತು, ನಿಜ. ಆದರೆ ಅವನ ಶರ್ಟಿನ ಬಣ್ಣ ಎಲ್ಲೇ ಕಂಡರೂ ಎದೆ ಡವಗುಟ್ಟೋದು ನಿಲ್ಲಲಿಲ್ಲ. ನಡೆದದ್ದೇ ಗೊತ್ತಿಲ್ಲದ ಡಾಕ್ಟರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಕೊಳ್ಳುವ ಮಾನಸಿಕ ತೊಂದರೆ, ಇದೆಯಾ ಅಂತ ನೋಡೋದಾದರೂ ಹೇಗೆ? ಪಿಟಿಎಸ್‌ಡಿ, ಡಿಪ್ರೆಶನ್ ಎರಡೂ ಎಷ್ಟೋ ಸಲ ಜೊತೆಗೇ ಇರುತ್ತವೆ. ನಾನು ಒಂದಕ್ಕೆ ಮಾತ್ರ ಔಷಧಿ ನುಂಗುತ್ತಾ ವರ್ಷಗಳನ್ನೇ ಕಳೆದೆ.

ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಬಾಯಿಬಿಟ್ಟೆ. "ನಾನ್ಯಾಕೆ ಕೂಗಲಿಲ್ಲ" ಅನ್ನೋದೇ ನನ್ನನ್ನು ತಿನ್ನುತ್ತಿತ್ತು. ವಿಪರೀತ ಭಯಕ್ಕೆ ಮೈ ಮರಗಟ್ಟಬಹುದು, ದನಿಯೇ ಹೊರಡದಿರಬಹುದು, ಅದು ನಮ್ಮ ಹಿಡಿತದಲ್ಲಿರಲ್ಲ, ಅದು ಒಪ್ಪಿಗೆಯೂ ಅಲ್ಲ ಅಂತ ಅವರು ಬಿಡಿಸಿ ಹೇಳಿದರು. ತಪ್ಪು ನನ್ನದೇ ಅಂದುಕೊಂಡು ಗೆಳತಿಯರನ್ನೂ ದೂರ ಮಾಡಿಕೊಂಡಿದ್ದೆ. ಡಿಪ್ರೆಶನ್ ಬೆಳೆದದ್ದು ಅಲ್ಲೇ.

ಹಾಗಾಗಿ ಮರೆಯೋ ಯೋಚನೆ ಬಿಡಿ. ಊರಿಗೆಲ್ಲ ಹೇಳಬೇಕಿಲ್ಲ. ಮನೋವೈದ್ಯರ ಹತ್ತಿರ ಒಬ್ಬರೇ ಒಳಗೆ ಹೋಗಿ, ಒಂದು ಸಾಲಿನಲ್ಲಿ ಹೇಳಿ. ಆಗಲ್ಲ ಅಂದರೆ ಚೀಟಿ ಬರೆದು ಕೊಡಿ, ನಾನು ಮಾಡಿದ್ದೂ ಅದನ್ನೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿಡೋದು ಅವರ ಹೊಣೆ. ಇಂಥ ಆಘಾತಕ್ಕೆ (ಟ್ರಾಮಾ) ಅಂತಲೇ ಥೆರಪಿ ಇದೆ, ಕೇಳಿ ಪಡೆಯಿರಿ. ಮಾತ್ರೆ ತಗೊಳ್ತಿದ್ದರೆ ನೀವಾಗೇ ನಿಲ್ಲಿಸಬೇಡಿ. ಸರ್ಕಾರಿ ಮಾನಸಿಕ ಆಸ್ಪತ್ರೆ ಬೇಕಂದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್. ದೂರ ಆಗುತ್ತೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸಾಯೋ ಯೋಚನೆ ಬರುತ್ತಿದ್ದರೆ ದಯವಿಟ್ಟು ನಾಳೆ ಅನ್ನಬೇಡಿ, ಇವತ್ತೇ ಫೋನ್ ಮಾಡಿ.