ನೆರವಿನ ಅರ್ಜಿಗೆ ನಿಜವಾದ ಖರ್ಚೆಷ್ಟು?

ಪ್ರಶ್ನೆ: ನಾನು ತೋಟದಲ್ಲಿ ಕೂಲಿ ಕೆಲಸ ಮಾಡುವವಳು. ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ಹಾಕಿಕೊಡಲು ಸೈಬರ್ ಅಂಗಡಿಯವರು 400 ರೂಪಾಯಿ ಕೇಳುತ್ತಿದ್ದಾರೆ. ಅದರಲ್ಲಿ ಸರ್ಕಾರಕ್ಕೆ ಕಟ್ಟುವ ಶುಲ್ಕವೂ ಸೇರಿದೆ ಎನ್ನುತ್ತಾರೆ. ನಿಜವೇ?
– ಒಬ್ಬ ತಾಯಿ, ಸುಂಟಿಕೊಪ್ಪ ಹೋಬಳಿ

ಉತ್ತರ: ನಿಜವಲ್ಲ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಾಗಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎನ್‌ಎಸ್‌ಪಿಯಲ್ಲಾಗಲಿ ಅರ್ಜಿಗೆ ಸರ್ಕಾರ ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಅಂಗಡಿಯವರು ಕೇಳುತ್ತಿರುವುದು ಅವರ ಕೆಲಸದ ಕೂಲಿ. ಅದನ್ನು ಕೇಳುವುದು ತಪ್ಪಲ್ಲ, ಆದರೆ ಅದಕ್ಕೆ ಸರ್ಕಾರದ ಹೆಸರು ಹಚ್ಚುವುದು ತಪ್ಪು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ನಿಮ್ಮ ಮಗಳು ತಾನೇ ಅರ್ಜಿ ತುಂಬಬಹುದು. ತೊಡಕಾದರೆ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವವರನ್ನು ಕೇಳಲಿ; ಅರ್ಜಿ ಪರಿಶೀಲನೆಗೆ ಹೇಗೂ ಕಾಲೇಜಿಗೇ ಬರುತ್ತದೆ.

ನಿಮಗೆ ನಿಜವಾಗಿ ಬೀಳುವ ಖರ್ಚು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳದ್ದು. ನಾಡಕಚೇರಿಯಲ್ಲಿ ಇವುಗಳಿಗೆ ನಿಗದಿಯಾದ ಸಣ್ಣ ಶುಲ್ಕವಿದೆ, ರಸೀದಿ ಕೊಡುತ್ತಾರೆ. ಆ ಶುಲ್ಕಕ್ಕಿಂತ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಹೋಗುವುದೇ ನಿಮಗೆ ದುಬಾರಿ ಎಂಬುದು ನಮಗೆ ಗೊತ್ತು. ಆದ್ದರಿಂದ ಹೊರಡುವ ಮೊದಲು ಮನೆಯಲ್ಲಿರುವ ಹಳೆಯ ಪ್ರಮಾಣಪತ್ರಗಳನ್ನು ನೋಡಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆ ಇರುವುದರಿಂದ, ಪಿಯುಸಿಗೆ ಮಾಡಿಸಿದ್ದರ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆಯೇ ಈಗಲೂ ನಡೆಯಬಹುದು. ಇನ್ನೊಂದು ಮಾತು: ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ. ಅರ್ಜಿ ಮಂಜೂರಾದರೂ ಖಾತೆಗೆ ಆಧಾರ್ ಸೇರಿಸದ ಕಾರಣಕ್ಕೆ ಹಣ ನಿಂತುಹೋಗುತ್ತದೆ. ಬ್ಯಾಂಕಿನಲ್ಲಿ ಈ ಜೋಡಣೆಗೆ ದುಡ್ಡು ಕೊಡಬೇಕಾಗಿಲ್ಲ.

ತೋಟದವರು ನಿಮ್ಮ ವೇತನದಿಂದ ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಹಿಡಿಯುತ್ತಿದ್ದರೆ, ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವನ್ನೂ ವಿಚಾರಿಸಿ. ಪಿಯುಸಿಯಲ್ಲಿ ಮಗಳ ಅಂಕಗಳು ತುಂಬ ಚೆನ್ನಾಗಿದ್ದಲ್ಲಿ, ಅಂದರೆ ಪಿಯುಸಿ ಪರೀಕ್ಷಾ ಮಂಡಳಿಯ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂಕಗಳಲ್ಲಿ ನೂರಕ್ಕೆ ಎಂಬತ್ತು ಮಂದಿಗಿಂತ ಮುಂದಿದ್ದು) ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದರೆ, ಎನ್‌ಎಸ್‌ಪಿಯ ಕೇಂದ್ರೀಯ ವಲಯ ವಿದ್ಯಾರ್ಥಿವೇತನಕ್ಕೂ ಅವಳು ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆದರೆ ಅದರ ಜೊತೆಗೆ ಬೇರೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲವಾದ್ದರಿಂದ ಯಾವುದು ಹೆಚ್ಚು ಲಾಭವೆಂದು ಮೊದಲೇ ಲೆಕ್ಕ ಹಾಕಿ.

ಪ್ರಶ್ನೆ: ನಾವು ಕೆಲವು ವರ್ಷ ಅಮೆರಿಕದಲ್ಲಿದ್ದು ಈಗ ಪೊನ್ನಂಪೇಟೆ ಬಳಿ ನಮ್ಮ ಕಾಫಿ ತೋಟದಲ್ಲೇ ಮನೆ ಮಾಡಿಕೊಂಡಿದ್ದೇವೆ. ಮಗ ಅಲ್ಲಿಯೇ ಹುಟ್ಟಿದವನು, ಆ ದೇಶದ ಪೌರ. ಈಗ ದ್ವಿತೀಯ ಪಿಯುಸಿಯಲ್ಲಿದ್ದು ಅಲ್ಲಿನ ಎಂಟು ಕಾಲೇಜುಗಳಿಗೆ ಅರ್ಜಿ ಹಾಕುವ ಆಲೋಚನೆಯಲ್ಲಿದ್ದಾನೆ. ಆರ್ಥಿಕ ನೆರವಿನ ಅರ್ಜಿಗಳನ್ನು ತುಂಬಿಕೊಡಲು ಒಬ್ಬ ಸಲಹೆಗಾರರು ದೊಡ್ಡ ಮೊತ್ತ ಕೇಳಿದ್ದಾರೆ. ಅಷ್ಟು ಕೊಡಲೇಬೇಕೇ? ತೋಟವಿದೆ ಎಂಬ ಕಾರಣಕ್ಕೆ ನೆರವೇ ಸಿಗದೆ ಹೋದರೆ ಈ ಖರ್ಚೆಲ್ಲ ವ್ಯರ್ಥವಲ್ಲವೇ?
– ಒಬ್ಬ ಬೆಳೆಗಾರರು, ದಕ್ಷಿಣ ಕೊಡಗು

ಉತ್ತರ: ಅಲ್ಲಿ ಮುಖ್ಯವಾಗಿ ಎರಡು ಅರ್ಜಿಗಳಿವೆ, ಎರಡರ ಖರ್ಚೂ ಬೇರೆ ಬೇರೆ. ಮೊದಲನೆಯದು ಅಮೆರಿಕ ಸರ್ಕಾರದ ಎಫ್‌ಎಎಫ್‌ಎಸ್‌ಎ. ಇದು ಪೌರರಿಗೂ ಅರ್ಹತೆ ಪಡೆದ ಕೆಲವು ವಲಸಿಗರಿಗೂ ಮಾತ್ರ. ನಿಮ್ಮ ಮಗ ಪೌರನಾಗಿರುವುದರಿಂದ ತುಂಬಬಹುದು. ಇದು ಪೂರ್ತಿ ಉಚಿತ, ಮತ್ತು ಒಂದೇ ಅರ್ಜಿಯಲ್ಲಿ 20 ಕಾಲೇಜುಗಳವರೆಗೆ ಹೆಸರಿಸಬಹುದು. ನಿಮಗೆ ಅಲ್ಲಿನ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದಿದ್ದರೂ ಪೋಷಕರಾಗಿ ಖಾತೆ ತೆರೆಯಲು ಈಗ ಅವಕಾಶವಿದೆ. ಈ ಉಚಿತ ಅರ್ಜಿಯನ್ನು ಶುಲ್ಕ ಪಡೆದು ತುಂಬಿಕೊಡುವ ಖಾಸಗಿ ಜಾಲತಾಣಗಳು ಬಹಳ ಕಾಲದಿಂದ ಇವೆ. ಅಂಥ ಒಂದು ಕಂಪನಿಯ ಮೇಲೆ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2015ರಲ್ಲಿ ಕ್ರಮ ಕೈಗೊಂಡಿತ್ತು. ಸರ್ಕಾರದ ಸ್ಟೂಡೆಂಟ್‌ಏಡ್ ಡಾಟ್ ಗವ್ ಬಿಟ್ಟು ಬೇರೆಲ್ಲೂ ತುಂಬಬೇಡಿ.

ಎರಡನೆಯದು ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಸಿಎಸ್‌ಎಸ್ ಪ್ರೊಫೈಲ್. ತಮ್ಮದೇ ನಿಧಿಯಿಂದ ನೆರವು ಕೊಡುವ ಹಲವು ಖಾಸಗಿ ಕಾಲೇಜುಗಳು ಇದನ್ನು ಕೇಳುತ್ತವೆ, ಖರ್ಚಾಗುವುದು ಇಲ್ಲಿಯೇ. ಮೊದಲ ಕಾಲೇಜಿಗೆ 25 ಡಾಲರ್, ಅನಂತರದ ಪ್ರತಿಯೊಂದಕ್ಕೆ 16 ಡಾಲರ್. ಎಂಟೂ ಕಾಲೇಜುಗಳು ಕೇಳಿದವೆಂದರೆ 137 ಡಾಲರ್, ನಮ್ಮ ಲೆಕ್ಕದಲ್ಲಿ 12 ಸಾವಿರ ರೂಪಾಯಿಯ ಆಸುಪಾಸು; ಕಾರ್ಡಿನವರ ವಿದೇಶಿ ವಿನಿಮಯದ ಶುಲ್ಕ ಬೇರೆ. ಎಲ್ಲ ಕಾಲೇಜುಗಳೂ ಇದನ್ನು ಕೇಳುವುದಿಲ್ಲ. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಎಫ್‌ಎಎಫ್‌ಎಸ್‌ಎ ಒಂದೇ ಸಾಕು. ಖಾಸಗಿಯವುಗಳಲ್ಲೂ ಪ್ರಿನ್ಸ್‌ಟನ್ ತನ್ನದೇ ಉಚಿತ ಅರ್ಜಿಯನ್ನು ಇಟ್ಟುಕೊಂಡಿದೆ. ಅಮೆರಿಕದಲ್ಲೇ ವಾಸಿಸುವ, ವಾರ್ಷಿಕ ಆದಾಯ ಒಂದು ಲಕ್ಷ ಡಾಲರ್‌ವರೆಗಿನ ಕುಟುಂಬದ ಪದವಿ ವಿದ್ಯಾರ್ಥಿಗಳಿಗೆ ಸಿಎಸ್‌ಎಸ್ ಶುಲ್ಕ ಮನ್ನಾ ಆಗುತ್ತದೆ. ನೀವು ಇಲ್ಲಿರುವುದರಿಂದ ಅದನ್ನೇ ನಂಬಿ ಕೂರುವುದು ಬೇಡ. ಹಣ ಕಟ್ಟುವ ಮುನ್ನ ಪ್ರತಿ ಕಾಲೇಜಿನ ನೆರವು ಕಚೇರಿಗೆ ಪತ್ರ ಬರೆದು ಶುಲ್ಕ ವಿನಾಯಿತಿಯ ಸಂಕೇತ ಸಂಖ್ಯೆ ಕೊಡುವಿರಾ ಎಂದು ಕೇಳಿ. ಕೆಲವು ಕಾಲೇಜುಗಳು ಕೊಡುತ್ತವೆ, ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಇನ್ನು ತೋಟದ ವಿಚಾರ. ನಿಮ್ಮ ಪ್ರಶ್ನೆಯ ತಿರುಳೂ ಇದೇ ಎಂದು ನಮ್ಮ ಅನಿಸಿಕೆ. ರೆಸಾರ್ಟು, ಹೋಂಸ್ಟೇಗಳ ಭರಾಟೆಯಲ್ಲಿ ಕೊಡಗಿನ ಜಾಗದ ಬೆಲೆ ಏರಿರುವಷ್ಟು ತೋಟದ ಆದಾಯ ಏರಿಲ್ಲ. ಹೀಗಾಗಿ ಮಳೆ ಕೈಕೊಟ್ಟ ವರ್ಷ ಸಾಲದಲ್ಲಿರುವ ಬೆಳೆಗಾರನೂ ಕಾಗದದ ಮೇಲೆ ಕೋಟ್ಯಧಿಪತಿಯಾಗಿ ಕಾಣುತ್ತಾನೆ. ಎಫ್‌ಎಎಫ್‌ಎಸ್‌ಎಯಲ್ಲಿ 2024-25ರಿಂದ ಕುಟುಂಬದ ಕೃಷಿಭೂಮಿಯ ಬೆಲೆಯನ್ನೂ ಆಸ್ತಿಯೆಂದು ತೋರಿಸಬೇಕಾಗಿತ್ತು. 2025ರ ಜುಲೈನಲ್ಲಿ ಬಂದ ಕಾಯ್ದೆಯು 2026-27ನೇ ಸಾಲಿನಿಂದ, ಕುಟುಂಬವೇ ವಾಸವಿರುವ ಕೃಷಿಭೂಮಿಯನ್ನು ಮತ್ತೆ ಲೆಕ್ಕದಿಂದ ಕೈಬಿಟ್ಟಿದೆ. ತೋಟದಲ್ಲೇ ಮನೆಯಿರುವ ನಿಮಗೆ ಇದು ಮುಖ್ಯವಾದ ಬದಲಾವಣೆ. ಸಿಎಸ್‌ಎಸ್ ಪ್ರೊಫೈಲ್ ಮಾತ್ರ ಕೃಷಿ ಆಸ್ತಿಯ ವಿವರವನ್ನು ಕೇಳುತ್ತದೆ, ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಆಯಾ ಕಾಲೇಜು ತೀರ್ಮಾನಿಸುತ್ತದೆ. ಜಾಗ ಜಮ್ಮಾ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ) ಆಗಿದ್ದು, ಪಹಣಿ ಪಟ್ಟೆದಾರರ (ಮನೆತನದ ಪರವಾಗಿ ದಾಖಲೆಯಲ್ಲಿರುವ ಹಿರಿಯರ) ಹೆಸರಿನಲ್ಲಿದ್ದರೆ, ಒಟ್ಟು ಜಾಗದ ಬೆಲೆಯನ್ನು ನಿಮ್ಮದೆಂದು ಬರೆಯುವ ತಪ್ಪು ಮಾಡಬೇಡಿ. ಒಕ್ಕದ (ಮನೆತನದ) ಆಸ್ತಿಯಲ್ಲಿ ನಿಮ್ಮ ಪಾಲು ಎಷ್ಟು, ಅದನ್ನು ಬೇಕಾದಂತೆ ಏಕೆ ಮಾರಲಾಗದು ಎಂಬುದನ್ನು ಒಂದು ಪುಟದ ಪತ್ರದಲ್ಲಿ ವಿವರಿಸಿ ಕಾಲೇಜಿಗೆ ಕಳುಹಿಸಿ. ಅಮೆರಿಕದ ಅಧಿಕಾರಿಗೆ ಜಮ್ಮಾ ಎಂದರೇನೆಂದು ತಿಳಿದಿರುವ ಸಂಭವವಿಲ್ಲ, ತಿಳಿಸಬೇಕಾದವರು ನೀವೇ.

ಆದಾಯದ ದಾಖಲೆಯಲ್ಲೂ ಇಂಥದೇ ತೊಡಕು. ಕಾಫಿಯನ್ನು ಚೆರ್ರಿಯಾಗಿಯೋ (ಹಣ್ಣಾಗಿ) ಪಾರ್ಚ್‌ಮೆಂಟಾಗಿಯೋ (ಒಳಸಿಪ್ಪೆಯಿರುವ ಬೀಜವಾಗಿ) ಮಾರಿದರೆ ಆ ಆದಾಯ ಪೂರ್ತಿ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ. ಸ್ವತಃ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜವನ್ನು ಹದಗೊಳಿಸಿ) ಮಾರಿದರೆ ಆದಾಯ ತೆರಿಗೆಯ 7ಬಿ ನಿಯಮದಂತೆ ಅದರ ಶೇ 25 ಭಾಗಕ್ಕೆ ತೆರಿಗೆ ಬೀಳುತ್ತದೆ. ಆದ್ದರಿಂದ ಅನೇಕ ಬೆಳೆಗಾರರ ಬಳಿ ಅಲ್ಲಿನವರು ಕೇಳುವಂಥ ತೆರಿಗೆ ಕಾಗದಗಳೇ ಇರುವುದಿಲ್ಲ. ತೆರಿಗೆ ಇಲ್ಲವೆಂದರೆ ಆದಾಯವೇ ಇಲ್ಲವೆಂದು ಬರೆಯುವಂತಿಲ್ಲ. ವ್ಯಾಪಾರಿಯ ಬಿಲ್ಲುಗಳು, ಬ್ಯಾಂಕ್ ಪಾಸ್‌ಪುಸ್ತಕ, ಗೊಬ್ಬರ ಮತ್ತು ಕೂಲಿಯ ಲೆಕ್ಕ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಇವನ್ನು ಜೋಡಿಸಿ ಒಬ್ಬ ಲೆಕ್ಕ ಪರಿಶೋಧಕರಿಂದ ಇಂಗ್ಲಿಷಿನಲ್ಲಿ ಒಂದು ವಿವರಪಟ್ಟಿ ಮಾಡಿಸಿಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ಹಣ ಕೊಡುವುದಾದರೆ ಈ ಕೆಲಸಕ್ಕೆ ಕೊಡಬೇಕು. ಅರ್ಜಿ ತುಂಬುವುದಕ್ಕೆ ಸಲಹೆಗಾರರಿಗೆ ಕೊಡಬೇಕಾಗಿಲ್ಲ, ಏಕೆಂದರೆ ತುಂಬಬೇಕಾದ ಅಂಕಿಗಳನ್ನು ಅವರೂ ನಿಮ್ಮಿಂದಲೇ ಕೇಳಿ ಪಡೆಯಬೇಕು.

ಖರ್ಚು ವ್ಯರ್ಥವಾಗದೇ ಎಂಬ ನಿಮ್ಮ ಆತಂಕಕ್ಕೂ ಒಂದು ದಾರಿಯಿದೆ. ಅಲ್ಲಿನ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡಬೇಕೆಂದು 2008ರ ಉನ್ನತ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ದುಡ್ಡು ಖರ್ಚಿಲ್ಲದೆ, ನೆರವು ಕಳೆದ ಮೇಲೆ ನೀವು ಕಟ್ಟಬೇಕಾದ್ದು ಎಷ್ಟಾಗಬಹುದೆಂಬ ಅಂದಾಜು ಅದರಲ್ಲಿ ಸಿಗುತ್ತದೆ. ಎಂಟೂ ಕಾಲೇಜುಗಳನ್ನು ಮೊದಲು ಅದರಲ್ಲಿ ಹಾಕಿ ನೋಡಿ, ಎಂದಿಗೂ ಎಟುಕದವುಗಳನ್ನು ಪಟ್ಟಿಯಿಂದ ಬಿಡಿ, ಉಳಿದವುಗಳಿಗಷ್ಟೇ ಡಾಲರ್ ಕಟ್ಟಿ. ಎರಡೂ ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತವೆ. ಕಾಫಿ ಕೊಯ್ಲು ಶುರುವಾಗುವ ಮುಂಚೆಯೇ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮಗನ ಎಂಜಿನಿಯರಿಂಗ್ ಓದಿಗೆ ಶಿಕ್ಷಣ ಸಾಲ ಮಾಡಿಸಿಕೊಡುತ್ತೇನೆಂದು ಮಧ್ಯವರ್ತಿಯೊಬ್ಬರು ಸಾಲದ ಮೊತ್ತದಲ್ಲಿ ಪಾಲು ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ಕೊಡಬೇಡಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ದೇಶದೊಳಗಿನ ಓದಿನ ಸಾಲಕ್ಕೆ ಸಂಸ್ಕರಣಾ ಶುಲ್ಕ (ಪ್ರಾಸೆಸಿಂಗ್ ಫೀ) ಇಲ್ಲ. 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನವನ್ನೂ ಕೇಳುವುದಿಲ್ಲ. ಮಗ ಸೇರಿರುವ ಕಾಲೇಜು ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯ ಪಟ್ಟಿಯಲ್ಲಿದ್ದು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯಧನವೂ ಇದೆ. ಆ ಯೋಜನೆಯ ಜಾಲತಾಣದಲ್ಲಿ ಅರ್ಜಿ ಉಚಿತ. ಬ್ಯಾಂಕ್ ಶಾಖೆಯವರು ಅರ್ಜಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ.