14 ಮಾತ್ರೆ ಇದ್ದರೂ ಸಾಲು ಕುಂಟುವುದೇಕೆ?

ಪತ್ರ: ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಬರೆದು ಕಳಿಸಿದ್ದ ನನ್ನ ಪದ್ಯವನ್ನು ‘ಛಂದಸ್ಸು ಕೆಟ್ಟಿದೆ’ ಎಂದು ಮರಳಿಸಿದ್ದೀರಿ. ಬೆರಳು ಮಡಚಿ ಎಣಿಸಿಯೇ ಬರೆದಿದ್ದೇನೆ, ಮೊದಲ ಸಾಲಿಗೆ 14 ಮಾತ್ರೆ ಬರೋಬರಿ ಇವೆ. ಕೆಟ್ಟದ್ದೆಲ್ಲಿ? ‘ಅಂತೆ’ ಇರುವ ಸಾಲನ್ನು ಉಪಮೆ ಅಲ್ಲವೆಂದದ್ದೂ ತಿಳಿಯಲಿಲ್ಲ.
– ಓದುಗರು, ಗದಗ

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಕಾಲ. ‘ಮಳೆ ಬಂತು ಗದಗಿನ ಹೊಲಕಿಂದು’ ಕೂಡಿಸಿದರೆ 14 ಆಗುತ್ತದೆ. ಆದರೆ ಭಾಮಿನಿಗೆ ಮೊತ್ತವೊಂದೇ ಸಾಲದು, ಅದು 3, 4, 3, 4 ಎಂದು ಕಡಿದ 14 ಆಗಿರಬೇಕು. ನಿಮ್ಮ ಸಾಲನ್ನು ಕಡಿದು ನೋಡಿ. ‘ಮಳೆ’ಗೆ ಎರಡು ಮಾತ್ರೆ. ಮೂರನೆಯದನ್ನು ‘ಬಂ’ನಿಂದ ತರಬೇಕು. ಅನುಸ್ವಾರವಿರುವುದರಿಂದ ಅದು ಗುರು, ಎರಡು ಮಾತ್ರೆಯ ಅಕ್ಷರ. ಗಣವು (ಹೀಗೆ ಕಡಿದ ಒಂದೊಂದು ತುಂಡು) ಪದವನ್ನು ಸೀಳಬಹುದು, ಅಕ್ಷರವನ್ನು ಸೀಳಲಾಗದು. ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದು ತಟ್ಟುತ್ತ ಓದಿದರೆ ಬೆರಳಿಗಿಂತ ಮೊದಲು ಕಿವಿಯೇ ಇದನ್ನು ಹಿಡಿಯುತ್ತದೆ.

‘ಬಂತು ಮಳೆ’ ಎಂದು ತಿರುವಿದರೆ ಸಾಕಲ್ಲವೇ ಎನ್ನಬಹುದು. ಮೊದಲ ಮೂರು ಗಣ ಕೂಡುತ್ತವೆ, ನಿಜ. ಕೊನೆಯ ಗಣ ‘ಲಕಿಂದು’ ಎಡವುತ್ತದೆ, ಏಕೆಂದರೆ ಗಣದ ಆರಂಭದಲ್ಲೇ ಲಘುವಿನ (ಒಂದು ಮಾತ್ರೆಯ ಅಕ್ಷರದ) ಬೆನ್ನಿಗೆ ಗುರು ಬರಬಾರದು. ಮೇಲಾಗಿ ಪ್ರಾಸ ಹೋಗುತ್ತದೆ. ನಮ್ಮ ಹಳೆಯ ಪ್ರಾಸ ಸಾಲಿನ ಕೊನೆಯಲ್ಲಿ ಅಲ್ಲ, ಎರಡನೆಯ ಅಕ್ಷರದಲ್ಲಿ ಇರುತ್ತದೆ. ನಿಮ್ಮ ಎರಡನೆಯ ಸಾಲು ‘ಮೊಳಕೆಯೊಡೆಯಿತು ಹೆಸರ ಬೀಜವು’ (ಇದು ಎಲ್ಲ ರೀತಿಯಿಂದಲೂ ಸರಿಯಾಗಿದೆ) ‘ಳ’ಕಾರ ಹಿಡಿದಿದೆ, ಆರೂ ಸಾಲಿಗೆ ಅದೇ ಬೇಕು. ಆದ್ದರಿಂದ ‘ಮಳೆ’ಯನ್ನು ಕದಲಿಸದೆ ತಿದ್ದಿ: ‘ಮಳೆಯು ಬಂದಿತು ಗದಗ ಹೊಲದಲಿ’.

ಮೂರನೆಯ ಸಾಲಿನಲ್ಲಿ ಎರಡು ದೋಷಗಳಿವೆ. ‘ಕಾಳು ಕಟ್ಟುವ ಕನಸು ಕಂಡಿತು ರೈತ ಸಂಕುಲ’ 21ಕ್ಕೆ ನಿಂತಿದೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 3-4 ಮೂರು ಸಲ ಬಂದ ಮೇಲೆ ಒಂದು ಗುರು ಇರಬೇಕು, ಒಟ್ಟು 23. ಹಾಗೆ ಪದ್ಯಕ್ಕೆಲ್ಲ 102. ಇನ್ನು ‘ಳ’ ಇದೆಯಾದರೂ ಅದರ ಹಿಂದಿನ ‘ಕಾ’ ದೀರ್ಘ. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಒಂದೇ ಪದ್ಯದಲ್ಲಿ ಸಿಂಹವನ್ನೂ ಆನೆಯನ್ನೂ ಕಟ್ಟುವಂತಿಲ್ಲ. ‘ಕಳೆದ ವರ್ಷದ ಬರವ ಮರೆಯಿತು ರೈತ ಸಂಕುಲವು’ ಎಂದರೆ ಎರಡೂ ಸರಿಹೋಗುತ್ತವೆ. ಕೊನೆಯ ‘ವು’ ಲಘುವಾದರೂ ಸಾಲಿನ ತುದಿಯಲ್ಲಿ ಗುರುವೆಂದೇ ಲೆಕ್ಕ. ‘ವರ್ಷ’ದಲ್ಲಿ ಗುರು ಆಗುವುದು ಒತ್ತಕ್ಷರವಲ್ಲ, ಅದರ ಹಿಂದಿನ ‘ವ’. ನಮಗೆ ಬರುವ ಪದ್ಯಗಳಲ್ಲಿ ಹೆಚ್ಚಾಗಿ ಲೆಕ್ಕ ತಪ್ಪುವುದು ಇಲ್ಲೇ.

ಪದ ಸಾಲಿನ ಒಳಗೇ ಮುಗಿಯಬೇಕೆಂದು ಹೆದರಬೇಡಿ. ನಿಮ್ಮೂರಿನ ವೀರನಾರಾಯಣನ ಹೆಸರಿನಲ್ಲಿ ಭಾರತ ಹಾಡಿದ ಕುಮಾರವ್ಯಾಸ ಮೊದಲ ಪದ್ಯದಲ್ಲೇ ‘ರಾಜೀವ’ವನ್ನು ಮುರಿದು, ‘ರಾ’ವನ್ನು ಮೊದಲ ಸಾಲಿನ ತುದಿಗಿಟ್ಟು, ‘ಜೀವ’ವನ್ನು ಎರಡನೆಯ ಸಾಲಿನ ತಲೆಗೆ ಇಟ್ಟಿದ್ದಾನೆ. ಶ್ರೀವ, ಜೀವ, ಪಾವ ಎಂದು ಪ್ರಾಸ ಕೂಡಿತು, ಮಾತ್ರೆಯೂ ಕೂಡಿತು.

ಇನ್ನು ಅಲಂಕಾರದ ಮಾತು. ಉಪಮೆಯೆಂದರೆ ಹೋಲಿಕೆ. ‘ಎರೆನೆಲ ಒಡೆದ ಹಿಮ್ಮಡಿಯಂತೆ ಬಿರಿದಿತ್ತು’ ಎಂದಾಗ ನೆಲ ಉಪಮೇಯ (ಹೋಲಿಸಿದ ವಸ್ತು), ಹಿಮ್ಮಡಿ ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ‘ಅಂತೆ’ ವಾಚಕ (ಹೋಲಿಕೆ ಸೂಚಿಸುವ ಪದ), ಬಿರಿಯುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟರೆ ಲುಪ್ತೋಪಮೆ. ‘ಎರೆನೆಲವೆಂಬ ಹಿಮ್ಮಡಿ’ ಎಂದು ಎರಡನ್ನೂ ಒಂದೇ ಮಾಡಿದರೆ ರೂಪಕ. ನೀವು ಬರೆದದ್ದು ‘ಮಳೆ ಕುಡಿಯಲೆಂದೇ ನೆಲ ಬಾಯಿ ತೆರೆದಿದೆಯೋ ಎಂಬಂತೆ’. ಇಲ್ಲಿ ಹೋಲಿಕೆ ಇಲ್ಲ. ಬಿರುಕಿಗೆ ಇಲ್ಲದ ಕಾರಣವನ್ನು ಕಲ್ಪಿಸಿದ್ದೀರಿ. ಅದು ಉತ್ಪ್ರೇಕ್ಷೆ, ನಮ್ಮ ದೃಷ್ಟಿಯಲ್ಲಿ ನಿಮ್ಮ ಪದ್ಯದ ಒಳ್ಳೆಯ ಸಾಲೂ ಅದೇ. ಅದರ ಕಲ್ಪನೆಯನ್ನು ಮಾತ್ರ ಮುಟ್ಟದೆ, ಉಳಿದದ್ದನ್ನು ತಿದ್ದಿ ಕಳಿಸಿ.