ಋಣ ತೀರಿಸಲು ಕೊಟ್ಟ ಸಮ್ಮತಿ: ಒಂದು ಆಪ್ತಸಲಹೆ ಪ್ರಕರಣ

ಕುಡಿತದಿಂದ ಹೊರಬಂದು ಚೇತರಿಸಿಕೊಳ್ಳುತ್ತಿರುವವರನ್ನು ಈಗ ಸಂಶೋಧನೆಗಳು ಹುಡುಕಿಕೊಂಡು ಬರುತ್ತಿವೆ. ಚಿಕಿತ್ಸೆ ಪಡೆದ ಆಸ್ಪತ್ರೆಯಿಂದಲೋ, ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಯಿಂದಲೋ, ಹೊಸ ಔಷಧವನ್ನು ಪರೀಕ್ಷಿಸುವ ತಂಡದಿಂದಲೋ ‘ನಮ್ಮ ಅಧ್ಯಯನದಲ್ಲಿ ಭಾಗವಹಿಸುತ್ತೀರಾ’ ಎಂಬ ಕೋರಿಕೆ ಬರುತ್ತದೆ. ಒಪ್ಪಲೋ ಬೇಡವೋ ಎಂದು ಕೇಳಿಕೊಂಡು ನನ್ನ ಬಳಿ ಬರುವವರು ಕಡಿಮೆ. ಆಗಲೇ ಒಪ್ಪಿಕೊಂಡು, ಆ ಒಪ್ಪಿಗೆ ಮನಸ್ಸಿಗೆ ಏಕೆ ಭಾರವಾಗಿದೆ ಎಂದು ತಿಳಿಯದೆ ಬರುವವರೇ ಹೆಚ್ಚು. ಇಂಥ ಹಲವು ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಸಂಬಂಧಪಟ್ಟವರು ಈ ಬರಹವನ್ನು ಓದಿ ಒಪ್ಪಿದ್ದಾರೆ.

ಅವರು ನಲವತ್ತು ದಾಟಿದ ಗೃಹಸ್ಥರು, ಒಂದು ತಾಲ್ಲೂಕು ಕೇಂದ್ರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುವವರು. ಹತ್ತಾರು ವರ್ಷ ಕುಡಿದಿದ್ದರು. ಎರಡು ಬಾರಿ ಆಸ್ಪತ್ರೆಗೆ ಸೇರಿದ್ದರು, ಮೊದಲ ಬಾರಿ ಬಿಟ್ಟದ್ದು ವರ್ಷ ತುಂಬುವ ಮೊದಲೇ ಮತ್ತೆ ಹತ್ತಿಕೊಂಡಿತ್ತು. ಎರಡೂ ಸಲದ ಖರ್ಚನ್ನು ಅವರ ಅಣ್ಣ ಭರಿಸಿದ್ದರು. ನನ್ನ ಬಳಿ ಬರುತ್ತಿದ್ದಾಗ ಕುಡಿತ ಬಿಟ್ಟು ನಾಲ್ಕು ತಿಂಗಳಾಗಿತ್ತು, ನಿದ್ದೆ ಸರಿಹೋಗಿತ್ತು, ಅಂಗಡಿಯ ಬಾಗಿಲು ದಿನವೂ ತೆರೆಯುತ್ತಿತ್ತು.

ಮರುಭೇಟಿಗೆ ಹೋದಾಗ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೇ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಕ್ರೇವಿಂಗ್ ಎಂದು ಎಲ್ಲರೂ ಕರೆಯುವ ಆ ತುಡಿತವನ್ನು ತಗ್ಗಿಸಬಹುದೆಂದು ಭಾವಿಸಿರುವ ಮಾತ್ರೆಯೊಂದನ್ನು ಕೆಲವರಿಗೂ, ನೋಡಲು ಹಾಗೆಯೇ ಇದ್ದು ಔಷಧವಿಲ್ಲದ ಪ್ಲಾಸಿಬೋ ಮಾತ್ರೆಯನ್ನು ಉಳಿದವರಿಗೂ ಕೊಟ್ಟು ಹೋಲಿಸುವ ಅಧ್ಯಯನ ಅದು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿದಿರುವುದಿಲ್ಲ, ಕೊಡುವ ವೈದ್ಯರಿಗೂ ತಿಳಿದಿರುವುದಿಲ್ಲ. ನಡುನಡುವೆ ಮಿದುಳಿನ ಸ್ಕ್ಯಾನ್ ಮಾಡುವಾಗ ಮದ್ಯದ ಬಾಟಲಿ, ತುಂಬಿದ ಲೋಟ, ಬಾರಿನ ಮೇಜು ಇಂಥ ಚಿತ್ರಗಳನ್ನು ತೋರಿಸಿ ತುಡಿತ ಎಷ್ಟೇಳುತ್ತದೆ ಎಂದು ಅಳೆಯುತ್ತಾರೆ. ಇದೆಲ್ಲವೂ ಅವರಿಗೆ ಕೊಟ್ಟಿದ್ದ ಕನ್ನಡದ ಮಾಹಿತಿ ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಅದನ್ನು ಅವರು ಓದಿರಲಿಲ್ಲ.

“ಓದೋದೇನಿದೆ ಮೇಡಂ? ಡಾಕ್ಟ್ರು ಕೇಳಿದ್ರು, ನಾನು ಹೂಂ ಅಂದೆ. ಸೋಮವಾರ ಹೋಗಿ ಸಹಿ ಹಾಕೋದಷ್ಟೇ” ಎಂದು ಆ ಪತ್ರವನ್ನು ಮೇಜಿನ ಮೇಲಿಟ್ಟರು. ಜೊತೆಗೆ ಬಂದಿದ್ದ ಅವರ ಪತ್ನಿ, “ಜೀವ ಉಳಿಸಿದವರು ಬಾಯಿಬಿಟ್ಟು ಕೇಳಿದಾಗ ಆಗಲ್ಲ ಅನ್ನೋದು ಹೇಗೆ?” ಎಂದರು. ಅವರ ಮಾತಿನಲ್ಲಿ ಕೃತಜ್ಞತೆಯಿತ್ತು, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗಂಡನ ಮುಖದಲ್ಲಿ ಇದ್ದದ್ದು ಬೇರೆಯೇ ಭಾವ. ಅಧ್ಯಯನದಲ್ಲಿ ನಿಮಗೆ ಹಿಡಿಸಿದ್ದು ಏನು ಎಂದು ಕೇಳಿದಾಗ, “ನನ್ನಿಂದ ಮನೆಗೆ, ಅಣ್ಣನಿಗೆ ಆಗಿದ್ದೆಲ್ಲ ನಷ್ಟವೇ. ಈ ದೇಹ ನಾಲ್ಕು ಜನಕ್ಕಾದ್ರೂ ಉಪಯೋಗ ಆಗ್ಲಿ” ಎಂದರು. ಒಂದು ವೇಳೆ ಓದಿದ ಮೇಲೆ ನಿಮಗೆ ಬೇಡ ಅನ್ನಿಸಿದರೆ ಏನು ಮಾಡುತ್ತೀರಿ ಎಂದೆ. ಅದಕ್ಕೆ ಅವರು ಕೊಟ್ಟ ಉತ್ತರವೇ ನಾನು ಇದನ್ನು ಬರೆಯಲು ಕಾರಣ.

“ಬೇಡ ಅನ್ನೋಕೆ ನನಗೆ ಯಾವ ಮುಖ ಇದೆ ಮೇಡಂ?”

ಆ ದಿನಕ್ಕೆಂದು ಇಟ್ಟುಕೊಂಡಿದ್ದ ವಿಷಯಗಳನ್ನು ಬದಿಗಿಟ್ಟು, ಮುಂದಿನ ಸಮಯವನ್ನೆಲ್ಲ ಆ ಮಾತಿಗೇ ಕೊಟ್ಟೆ. ಪಾತ್ರಾಭಿನಯ ನಾವು ಆಪ್ತಸಲಹೆಯಲ್ಲಿ ಬಳಸುವ ಸಾಮಾನ್ಯ ಕ್ರಮ. ನಾನು ವೈದ್ಯರ ಪಾತ್ರ ವಹಿಸುತ್ತೇನೆ, ನೀವು ‘ಇದು ನನಗೆ ಈಗ ಬೇಡ ಸರ್’ ಎಂದಷ್ಟೇ ಹೇಳಿ, ನಿಜವಾಗಿ ನಿರಾಕರಿಸಬೇಕೆಂದೇನಿಲ್ಲ, ಹೇಳಲು ಸಾಧ್ಯವೇ ಎಂದು ನೋಡೋಣ ಎಂದೆ. ಅವರು ಹೇಳಿದ್ದು, “ಸರ್, ಊರಿಂದ ಬಸ್ಸು ಸರಿಯಾಗಿಲ್ಲ.” ನಾನು ವೈದ್ಯಳಾಗಿ, ಗಾಡಿಯ ಖರ್ಚು ನಾವು ಕೊಡುತ್ತೇವೆ ಎಂದೆ. “ಅಂಗಡಿ ಮುಚ್ಚಿ ಬರಬೇಕಾಗುತ್ತೆ ಸರ್.” ಆ ದಿನದ ಕೂಲಿಯನ್ನೂ ಕೊಡುತ್ತೇವೆ ಎಂದೆ. ಸ್ವಲ್ಪ ತಡೆದು, “ಆಗ್ಲಿ ಸರ್” ಎಂದುಬಿಟ್ಟರು. ಇನ್ನೊಮ್ಮೆ ಪ್ರಯತ್ನಿಸಿದಾಗಲೂ ಕಾರಣಗಳು ಬದಲಾದವೇ ಹೊರತು ಕೊನೆ ಬದಲಾಗಲಿಲ್ಲ.

ಆಮೇಲೆ ಅವರೇ ಹೇಳಿದರು: “ಷಡ್ಡಕನ ಮನೆ ಗೃಹಪ್ರವೇಶದಲ್ಲೂ ಹೀಗೇ ಆಯ್ತು. ಡಾಕ್ಟ್ರು ಬೇಡ ಅಂದಿದ್ದಾರೆ ಅಂದೆ, ಒಂದು ದಿನಕ್ಕೆ ಏನಾಗಲ್ಲ ಅಂದ್ರು. ಗಾಡಿ ಓಡಿಸ್ಬೇಕು ಅಂದೆ, ನಾವೇ ಮನೆಗೆ ಬಿಡ್ತೀವಿ ಅಂದ್ರು. ಆಮೇಲೆ ನನ್ನ ಹತ್ರ ಕಾರಣಗಳೇ ಉಳೀಲಿಲ್ಲ. ನನಗೆ ಬೇಡ ಅಂತ ಮಾತ್ರ ನಾನು ಹೇಳ್ಲೇ ಇಲ್ಲ.”

ಮೊದಲ ಬಾರಿ ಬಿಟ್ಟ ಕುಡಿತ ಮರುಕಳಿಸಿದ್ದು ಆ ಗೃಹಪ್ರವೇಶದಲ್ಲಿ. ಅಂದು ವೈದ್ಯರ ಹೆಸರನ್ನು ಗುರಾಣಿಯಾಗಿ ಹಿಡಿದು ನಿರಾಕರಿಸಲು ನೋಡಿದ್ದರು. ಈಗ ಕೇಳುತ್ತಿರುವವರು ವೈದ್ಯರೇ ಆದ್ದರಿಂದ ಕೈಯಲ್ಲಿ ಏನೂ ಉಳಿದಿರಲಿಲ್ಲ. ಲೋಟ ಹಿಡಿಸಿದ ನೆಂಟನನ್ನೂ ಲೋಕಹಿತಕ್ಕಾಗಿ ಸಂಶೋಧನೆ ನಡೆಸುವ ವೈದ್ಯರನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಒಂದೇ ಆಗಿದ್ದದ್ದು ಈ ಮನುಷ್ಯ ಎರಡೂ ಕಡೆ ನಿಂತ ರೀತಿ. ಕಾರಣ ಕೊಡದೆ, ತನ್ನ ಇಷ್ಟವನ್ನೇ ಕಾರಣವಾಗಿಟ್ಟುಕೊಂಡು ‘ಬೇಡ’ ಎನ್ನುವ ಹಕ್ಕನ್ನು ಕುಡಿದ ವರ್ಷಗಳಲ್ಲಿ ತಾನು ಕಳೆದುಕೊಂಡೆ ಎಂದು ಅವರು ನಂಬಿದ್ದರು. ಆ ನಂಬಿಕೆ ಇರುವವರೆಗೆ ಅವರ ಚೇತರಿಕೆಗೂ ಅಪಾಯ, ಅವರು ಹಾಕುವ ಸಹಿಗೂ ಬೆಲೆಯಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಸೋಮವಾರ ಸಹಿ ಹಾಕಬೇಡಿ. ಆಸ್ಪತ್ರೆಗೆ ಖಂಡಿತ ಹೋಗಿ, ಆದರೆ ಪತ್ರವನ್ನು ಪತ್ನಿಯೊಡನೆ ಕೂತು ಪೂರ್ತಿ ಓದಿಕೊಂಡು, ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ನಾನು ಒಪ್ಪದಿದ್ದರೆ ಈಗಿನ ಚಿಕಿತ್ಸೆ ಹೀಗೆಯೇ ಮುಂದುವರಿಯುತ್ತದೆಯೇ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನಿಲ್ಲಿಸಬೇಕಾಗುತ್ತದೆಯೇ, ಆ ಚಿತ್ರಗಳನ್ನು ನೋಡಿದ ಸಂಜೆ ತುಡಿತ ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕೇಳದೆ ಬರಬೇಡಿ. ಉತ್ತರ ಏನೇ ಇರಲಿ, ‘ಯೋಚಿಸಿ ಹೇಳುತ್ತೇನೆ’ ಎಂದು ಎದ್ದು ಬನ್ನಿ. ಒಪ್ಪುವುದಾದರೂ ಆ ಮಾತನ್ನು ಒಮ್ಮೆ ಹೇಳಿದ ಮೇಲೆಯೇ ಒಪ್ಪಿ. ಮಾತ್ರೆ ಒಳ್ಳೆಯದೋ ಕೆಟ್ಟದೋ ಎಂಬ ವಿಷಯಕ್ಕೆ ನಾನು ಹೋಗಲಿಲ್ಲ, ಅದು ಮನೋವೈದ್ಯರು ಹೇಳಬೇಕಾದದ್ದು.

ಈ ಸಲಹೆಗೆ ನನ್ನ ಕಾರಣಗಳಿವೆ. ಅಪರಾಧಪ್ರಜ್ಞೆಯಿಂದ ಹುಟ್ಟುವ ಒಪ್ಪಿಗೆಯನ್ನು ನಾನು ಮುಕ್ತ ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ, ನಮ್ಮ ಕಾನೂನಿನ ಆಶಯವೂ ಅದೇ ಎಂದು ತಿಳಿದಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅದರ 99ನೇ ಕಲಮಿನ ಪ್ರಕಾರ, ಔಷಧ ಕೊಡುವ ಸಂಶೋಧನೆಯಿರಲಿ, ಬರಿಯ ಸಂದರ್ಶನವಿರಲಿ, ಭಾಗವಹಿಸುವವರಿಂದ ಮುಕ್ತವಾದ, ತಿಳಿದು ಕೊಟ್ಟ ಸಮ್ಮತಿಯನ್ನು ಪಡೆಯಲೇಬೇಕು. ಕೊಟ್ಟ ಸಮ್ಮತಿಯನ್ನು ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು. ಬೇಡ ಎನ್ನಲು ಮುಖವಿಲ್ಲ ಎಂದುಕೊಂಡವರಿಗೆ ಈ ಎರಡನೆಯ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಮಾತ್ರೆಯಿಂದ ತಲೆಸುತ್ತು ಬಂದರೂ ಹೇಳದೆ ನುಂಗುತ್ತಾರೆ, ಕದ್ದು ಕುಡಿದರೂ ಕುಡಿದಿಲ್ಲ ಎಂದು ಬರೆಸುತ್ತಾರೆ. ಅದರಿಂದ ಅವರಿಗೂ ಹಾನಿ, ಸಂಶೋಧನೆಗೂ ಹಾನಿ.

ಇನ್ನೊಂದು ತೊಡಕನ್ನು ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಗುರುತಿಸಿದ್ದರು. ಸಂಶೋಧನೆಗೆ ಸೇರಿದ ರೋಗಿಗಳು ಅಲ್ಲಿ ನಡೆಯುವುದೆಲ್ಲ ತಮ್ಮೊಬ್ಬರ ಒಳಿತಿಗಾಗಿಯೇ ಆಯ್ದ ಚಿಕಿತ್ಸೆ ಎಂದು ತಪ್ಪು ತಿಳಿಯುತ್ತಾರೆ ಎಂಬುದು ಅವರು ಕಂಡದ್ದು. ನನ್ನ ಬಳಿ ಬಂದವರೂ “ಹೊಸ ಮಾತ್ರೆ ಸಿಗುತ್ತಲ್ಲ” ಎಂದೇ ಹೇಳುತ್ತಿದ್ದರು. ಸಿಗುವುದು ಪ್ಲಾಸಿಬೋ ಆಗಿರಬಹುದು, ಅದನ್ನು ಆರಿಸುವುದು ವೈದ್ಯರಲ್ಲ ಎಂದಾಗ ಇಬ್ಬರೂ ಬೆರಗಾದರು. ಚಟಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ಇಷ್ಟು ಎಚ್ಚರ ಬೇಕೆನ್ನಲು ಇತಿಹಾಸವೂ ಕಾರಣ. ಅಮೆರಿಕದ ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ 1935ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆಯಲ್ಲಿ ಮಾದಕ ವ್ಯಸನಿ ಕೈದಿಗಳು ಸ್ವಇಚ್ಛೆಯಿಂದಲೇ ಪ್ರಯೋಗಗಳಿಗೆ ಒಪ್ಪಿಕೊಂಡಿದ್ದರು ಎಂದು ದಾಖಲೆಗಳು ಹೇಳುತ್ತವೆ, ಆದರೆ ಅದಕ್ಕೆ ಪ್ರತಿಫಲವಾಗಿ ಮಾದಕ ವಸ್ತುವನ್ನೇ ಕೊಡುವ ಪದ್ಧತಿಯಿತ್ತು. ವಿಜ್ಞಾನಕ್ಕೆ ಅಲ್ಲಿಂದ ದೊರೆತ ತಿಳಿವಳಿಕೆ ಕಡಿಮೆಯದಲ್ಲ. ಆದರೂ 1970ರ ದಶಕದಲ್ಲಿ ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಯಾವುದಕ್ಕೆ ದಾಸರಾಗಿದ್ದರೋ ಅದನ್ನೇ ಕೊಟ್ಟು ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ನಮ್ಮಲ್ಲಿ ಇಂದು ಸಾಮಾನ್ಯವಾಗಿ ಕೊಡುವುದು ಪ್ರಯಾಣದ ಖರ್ಚು ಮತ್ತು ಕಳೆದುಕೊಂಡ ಕೂಲಿ, ಅದನ್ನೂ ಸಂಶೋಧನೆಯ ನೈತಿಕತೆಯನ್ನು ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಪರಿಶೀಲಿಸಿರುತ್ತದೆ. ಆದರೂ ಕುಡಿತ ಬಿಟ್ಟ ಹೊಸದರಲ್ಲಿ, ಮದ್ಯದ ಚಿತ್ರ ನೋಡಿದ ದಿನವೇ ನಗದು ಜೇಬಿನಲ್ಲಿಟ್ಟುಕೊಂಡು ಒಬ್ಬರೇ ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ನಾನು ಒಪ್ಪಲಾರೆ. ಹಣ ಬ್ಯಾಂಕ್ ಖಾತೆಗೆ ಬರಲಿ, ಜೊತೆಗೆ ಮನೆಯವರೊಬ್ಬರು ಇರಲಿ.

ಅವರು ಪತ್ನಿಯೊಡನೆ ಹೋಗಿ ಕೇಳಿದರು. ವೈದ್ಯರು ಬೇಸರಿಸದೆ ಎಲ್ಲಕ್ಕೂ ಉತ್ತರ ಕೊಟ್ಟರಂತೆ: ಚಿಕಿತ್ಸೆಗೆ ಯಾವ ಬಾಧಕವೂ ಇಲ್ಲ, ಸ್ಕ್ಯಾನಿನ ಭಾಗವನ್ನು ಮಾತ್ರ ಬಿಟ್ಟು ಸೇರಲು ಬರುವುದಿಲ್ಲ. ಮುಂದಿನ ಭೇಟಿಯಲ್ಲಿ ಅವರು ಯಾವ ಕಾರಣವನ್ನೂ ಕೊಡದೆ, ಈಗ ಬೇಡ ಎಂದರು. ವೈದ್ಯರು ಸರಿ ಎಂದು ರಕ್ತದೊತ್ತಡ ನೋಡಿ ಎಂದಿನಂತೆ ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳ ನಂತರ, ಕುಟುಂಬದವರ ಅನುಭವ ಕುರಿತ ಸಂದರ್ಶನದ ಅಧ್ಯಯನವೊಂದಕ್ಕೆ ದಂಪತಿ ತಾವಾಗಿಯೇ ಸೇರಿದ್ದಾರೆ. ತಂದೆಯ ಸಾವಿನ ಬಗ್ಗೆ ಮಾತು ಬಂದರೆ ಧ್ವನಿಮುದ್ರಣ ನಿಲ್ಲಿಸಬೇಕು ಎಂಬ ಷರತ್ತನ್ನು ಗಂಡನೇ ಹಾಕಿದರು.

ಈ ಪ್ರಕರಣವನ್ನು ಚರ್ಚೆಗಿಟ್ಟಾಗ ಹಿರಿಯ ಸಹೋದ್ಯೋಗಿಯೊಬ್ಬರು, ಆಪ್ತಸಮಾಲೋಚಕರೇ ಹೀಗೆ ತಡೆದರೆ ಸಂಶೋಧನೆ ನಡೆಯುವುದು ಹೇಗೆ ಎಂದು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ನಾನು ದಿನನಿತ್ಯ ಮಾಡುವ ಕೆಲಸವೇ ಇಂಥ ಸ್ವಯಂಸೇವಕರ ಕೊಡುಗೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಪಾಯಕಾರಿಯಾಗಿ ಕುಡಿಯುತ್ತಿದ್ದ 377 ಗಂಡಸರು ಭಾಗವಹಿಸಿದ ಅಧ್ಯಯನವೊಂದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯಕೀಯ ಪದವಿಯಿಲ್ಲದ, ಆದರೆ ತರಬೇತಿ ಪಡೆದ ಸಲಹೆಗಾರರೊಡನೆ ಕೆಲವೇ ಭೇಟಿ ನಡೆಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ, ಹಿಂದಿನ ಹದಿನಾಲ್ಕು ದಿನ ಒಂದು ಹನಿಯೂ ಕುಡಿಯದವರು ಶೇ. 42ರಷ್ಟಿದ್ದರು, ಆ ಸಲಹೆ ಇಲ್ಲದ ಗುಂಪಿನಲ್ಲಿ ಶೇ. 18ರಷ್ಟು. ಸಲಹೆ ಸಿಗದ ಗುಂಪಿಗೆ ಸೇರಲು ಒಪ್ಪಿದ ಗಂಡಸರು ಇಲ್ಲದಿದ್ದರೆ ಆ ವ್ಯತ್ಯಾಸ ಯಾರಿಗೂ ಕಾಣುತ್ತಿರಲಿಲ್ಲ, ಮಾತಿನಿಂದ ಕುಡಿತ ಬಿಡಿಸಬಹುದೆಂದು ನನ್ನಂಥವರು ಧೈರ್ಯದಿಂದ ಹೇಳಲೂ ಆಗುತ್ತಿರಲಿಲ್ಲ. ಆದ್ದರಿಂದ ಚೇತರಿಸಿಕೊಂಡವರು ಸಂಶೋಧನೆಗೆ ಬರಬೇಕೆಂಬುದು ನನ್ನ ಹೃತ್ಪೂರ್ವಕ ಆಸೆ. ಅಧ್ಯಯನ ಔಷಧ ಪರೀಕ್ಷೆಯಾಗಿದ್ದರೆ, ಬರುವವರು ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಲಿ. 2009ರಿಂದ ಇದು ಕಡ್ಡಾಯ. ಸಹಿ ಮಾಡಿದ ಪತ್ರದ ಒಂದು ಪ್ರತಿಯನ್ನು ಮನೆಗೆ ತರಲಿ. ಹೊಸ ಔಷಧದ ಪರೀಕ್ಷೆಯಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ ಎಂಬುದನ್ನು ತಿಳಿದಿರಲಿ. ಮನಸ್ಸು ಕಲಕಿದ ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸಂಶೋಧಕರಲ್ಲಿಯೂ ನನ್ನದೊಂದು ಬಿನ್ನಹವಿದೆ. ಚಿಕಿತ್ಸೆ ಕೊಟ್ಟ ವೈದ್ಯರೇ ಕೇಳುವ ಬದಲು, ರೋಗಿಗೆ ಯಾವ ಋಣವೂ ಇಲ್ಲದ ಇನ್ನೊಬ್ಬರು ಕೇಳಲಿ. ಮೊದಲ ಭೇಟಿಯಲ್ಲಿ ಮಾಹಿತಿ ಪತ್ರವನ್ನು ಮಾತ್ರ ಕೊಟ್ಟು, ಸಹಿಯನ್ನು ಎರಡನೆಯ ಭೇಟಿಗೆ ಉಳಿಸಲಿ. ಆ ನಡುವಿನ ದಿನಗಳಲ್ಲಿ ಕೆಲವರು ಹಿಂದೆ ಸರಿಯಬಹುದು, ಅಧ್ಯಯನ ಮುಗಿಯುವುದು ತಡವಾಗಬಹುದು. ಆದರೆ ಎರಡನೆಯ ಭೇಟಿಗೆ ಬಂದವರು ನುಂಗಿದ ಮಾತ್ರೆಯ ಬಗ್ಗೆಯೂ ತಪ್ಪಿಸಿದ ಮಾತ್ರೆಯ ಬಗ್ಗೆಯೂ ನಿಮಗೆ ನಿಜವನ್ನೇ ಹೇಳುವ ಸಂಭವ ಹೆಚ್ಚು.